ಸೊಂಟಕ್ಕೆ ಒಂದಿಂಚು ಕಮ್ಮಿ

ಜೂನ್ ೩

ಗುಂಡು,

ಪಾರ್ಸೆಲ್ಲಿನಲ್ಲಿ ನಿನ್ನ ಕೆಲಸದ ಹೊಸ ಡಾಂಗ್ರಿ ಇದೆ, ಅಂಗಿ ಪ್ಯಾಂಟು ಒಂದೇ ಆಗಿ ಹೊಲಿದದ್ದು. ಪತ್ರವನ್ನು ಯಾವತ್ತಿನಂತೆ ಎದೆಯ ಜೇಬಿನಲ್ಲಿ ಇಟ್ಟಿದ್ದೇನೆ. ಒಗೆಯಲು ಹಾಕುವ ಮೊದಲು ತೆಗೆದು ಓದು, ಹೋದ ಸಲದ್ದನ್ನು ಸೋಪಿನ ನೀರು ಓದಿಕೊಂಡಿತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮೈಯ ವಿಷಯ ತೆಗೆದ ಕೂಡಲೇ ನಿನ್ನ ಫೋನಿಗೆ ಸಿಗ್ನಲ್ ಹೋಗಿಬಿಡುತ್ತದೆ. ಅಷ್ಟೆತ್ತರದ ಕ್ರೇನಿನಲ್ಲಿ ಕೂರುವವಳಿಗೆ ಸಿಗ್ನಲ್ ಇಲ್ಲ ಎಂದರೆ ನಂಬಲು ನನಗೇನು ತಲೆ ಕೆಟ್ಟಿದೆಯೇ?

ಅಳತೆ ಹಳೆಯದೇ. ನೀನು ಬಂದರಿನ ಕೆಲಸಕ್ಕೆ ಸೇರಿದ ವರ್ಷ ಕತ್ತರಿಸಿಟ್ಟ ಕಂದು ಕಾಗದ ಇನ್ನೂ ನನ್ನ ಹೊಲಿಗೆ ಮೆಷಿನ್ನಿನ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ. ಅದನ್ನಿಟ್ಟೇ ಕತ್ತರಿಸಿದ್ದೇನೆ. ಬಿಗಿ ಅನ್ನಿಸಿದರೆ ಬಟ್ಟೆಯನ್ನು ಬೈಯಬೇಡ, ಬಾಯಿಯನ್ನು ಬೈದುಕೋ. ಅಂಗಡಿಗೆ ಬರುವ ಹೆಂಗಸರಿಗೆ ಹೇಳುವುದನ್ನೇ ನಿನಗೂ ಹೇಳುತ್ತೇನೆ. ಅಳತೆ ಕೊಡುವುದಿದ್ದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಊಟ ಮಾಡಿ ಬಂದವರಿಗೆ ನಾನು ಟೇಪು ಹಿಡಿಯುವುದಿಲ್ಲ. ಮೊನ್ನೆ ಒಬ್ಬಳು ತೇಗುತ್ತಾ ಬಂದಳು, ಬಾಗಿಲಿನಿಂದಲೇ ವಾಪಸ್ ಕಳಿಸಿದೆ.

ಮೂರು ತಿಂಗಳಾದರೂ ಮುಟ್ಟಾಗಿಲ್ಲ ಎಂದು ಬರೆದಿದ್ದೆಯಲ್ಲ, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ. ಮೈ ಭಾರವಾದರೆ ಹಾಗೇ. ಸ್ವಲ್ಪ ಇಳಿಸು, ಮದುವೆಯಾಗು, ತಾನಾಗಿ ಸರಿಹೋಗುತ್ತದೆ. ಸಂಜೆಯ ಊಟ ಬಿಟ್ಟುಬಿಡು. ನನ್ನ ಮಗಳು, ನಿನ್ನ ಮುದ್ದಿನ ಮರಿ, ಅವಳೂ ನಿನ್ನ ಹಾಗೇ ಊದಿಕೊಳ್ಳುತ್ತಿದ್ದಾಳೆ. ಹದಿನಾಲ್ಕಕ್ಕೇ ನನ್ನ ರವಿಕೆ ಅವಳಿಗೆ ಹಿಡಿಯುವುದಿಲ್ಲ. ಚಿಕ್ಕಮ್ಮನ ಮೈಕಟ್ಟು ಎಂದರೆ ಮುಖ ಊದಿಸಿಕೊಳ್ಳುತ್ತಾಳೆ, ಅದೊಂದು ಬಾಕಿ ಇತ್ತು.

ನಿನ್ನ ಅಕ್ಕ


ಜೂನ್ ೨೧

ಅಕ್ಕ,

ಡಾಂಗ್ರಿ ತಲುಪಿತು. ಹೊಲಿಗೆ ಎಂದಿನಂತೆ ಚೆನ್ನಾಗಿದೆ, ಜೇಬಿಗೆ ಹಾಕಿದ ಡಬಲ್ ಹೊಲಿಗೆ ನೋಡಿ ಇಲ್ಲಿನ ಗಂಡಸರಿಗೆಲ್ಲ ಹೊಟ್ಟೆಕಿಚ್ಚು. ಕಂಪನಿ ಕೊಡುವ ಡಾಂಗ್ರಿ ಗಂಡಸರ ಅಳತೆಯದು, ಅದನ್ನು ಹಾಕಿಕೊಂಡರೆ ನಾನು ಚೀಲದೊಳಗಿನ ಬೆಕ್ಕಿನ ಹಾಗೆ ಕಾಣುತ್ತೇನೆ. ಹಾಗಾಗಿ ನೀನು ಹೊಲಿಯುವುದೇ ನನಗೆ ಗತಿ.

ಸೊಂಟದಲ್ಲಿ ಬಿಗಿ, ನೀನು ಹೇಳಿದಂತೆಯೇ. ಉಸಿರು ಹಿಡಿದು ಜಿಪ್ಪು ಎಳೆದರೆ ಮೇಲೆ ಬರುತ್ತದೆ. ಪ್ರತಿ ಸಲ ಹೊಸದು ಬಂದಾಗಲೂ ಹಿಂದಿನದಕ್ಕಿಂತ ಬಿಗಿಯಾಗಿರುತ್ತದೆ, ಅಂದರೆ ಪ್ರತಿ ಸಲ ನಾನು ದಪ್ಪಗಾಗುತ್ತಿದ್ದೇನೆ ಎಂದಾಯಿತು. ಸಂಜೆಯ ಊಟ ಬಿಟ್ಟಿದ್ದೇನೆ. ಬೆಳಗಿನದನ್ನೂ ಬಿಟ್ಟು ನೋಡುತ್ತೇನೆ. ನಡುವೆ ಒಂದು ಹೊತ್ತು ಸಾಕು.

ಕೆಲಸ ಚೆನ್ನಾಗಿದೆ. ಏಣಿ ಹತ್ತಿ ಕ್ಯಾಬಿನ್ನಿಗೆ ಹೋಗಿ ಕೂತರೆ ಪಾಳಿ ಮುಗಿಯುವವರೆಗೆ ಇಳಿಯುವ ಹಾಗಿಲ್ಲ. ಕಾಲಡಿ ಗಾಜು, ಗಾಜಿನಡಿ ಹಡಗು, ಹಡಗಿನ ಮೇಲೆ ಬಣ್ಣಬಣ್ಣದ ಪೆಟ್ಟಿಗೆಗಳು. ಆ ಪೆಟ್ಟಿಗೆಗಳನ್ನು ಎತ್ತಿ ಲಾರಿಯ ಮೇಲೆ ಕೂರಿಸಬೇಕು. ಅಲ್ಲಿರುವಾಗ ನನ್ನನ್ನು ಯಾರೂ ನೋಡುವುದಿಲ್ಲ, ಅದೇ ನನಗೆ ಇಷ್ಟ. ಇತ್ತೀಚೆಗೆ ಕೆಳಗೆ ಇದ್ದಾಗಲೂ ಮಾಸ್ಕ್ ಹಾಕಿಕೊಂಡಿರುತ್ತೇನೆ, ಧೂಳು ಜಾಸ್ತಿ.

ಮರಿಗೆ ಮುತ್ತು. ಅವಳ ರಜೆಯಲ್ಲಿ ಇಲ್ಲಿಗೆ ಕಳಿಸು, ಹಡಗು ತೋರಿಸುತ್ತೇನೆ.

ಗುಂಡು


ಜುಲೈ ೯

ಗುಂಡು,

ನೋಡಿದೆಯಾ, ಮನಸ್ಸು ಮಾಡಿದರೆ ಆಗುತ್ತದೆ. ಒಂದು ಹೊತ್ತಿನ ಊಟ ಒಳ್ಳೆಯದು, ಬಿಡಬೇಡ. ನಿನ್ನ ಪತ್ರವನ್ನು ಮರಿಗೆ ಓದಿ ಹೇಳಿದೆ. ಚಿಕ್ಕಮ್ಮನಿಗೆ ಆಗುವುದಾದರೆ ನಿನಗೇಕೆ ಆಗದು ಎಂದೆ. ಅವತ್ತಿನಿಂದ ಅವಳೂ ಸಂಜೆ ತಟ್ಟೆ ಮುಟ್ಟುತ್ತಿಲ್ಲ. ಶಾಲೆಗೆ ಹೊಸ ಸ್ಕರ್ಟು ಹೊಲಿದಿದ್ದೇನೆ, ಅದನ್ನೂ ಸ್ವಲ್ಪ ಹಿಡಿದೇ ಕತ್ತರಿಸಿದೆ. ಬಟ್ಟೆ ಬಿಗಿಯಿದ್ದರೆ ಮೈ ಬುದ್ಧಿ ಕಲಿಯುತ್ತದೆ.

ಧೂಳಿದ್ದರೆ ಹಬೆ ತೆಗೆದುಕೋ.

ಅಕ್ಕ


ಆಗಸ್ಟ್ ೨೮

ಅಕ್ಕ,

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣವಿದೆ. ಕೈಗೆ ಪೆನ್ನು ತೆಗೆದುಕೊಂಡಾಗಲೆಲ್ಲ ಕಾಗದ ಹರಿಯುವಷ್ಟು ಒತ್ತಿ ಬರೆಯುತ್ತಿದ್ದೆ. ಈಗಲೂ ಕೋಪ ಇಳಿದಿಲ್ಲ, ಆದರೆ ಅಕ್ಷರ ಓದಲು ಬರುವಷ್ಟಿದೆ.

ಮಾಸ್ಕ್ ಧೂಳಿಗಲ್ಲ. ನನ್ನ ಗಲ್ಲದ ಮೇಲೆ ಕೂದಲು ಬರುತ್ತದೆ, ಒರಟು ಕೂದಲು. ಹಾಸ್ಟೆಲಿನ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ರೇಜರಿನಲ್ಲಿ ಬೋಳಿಸುತ್ತೇನೆ. ತಲೆಯ ಕೂದಲು ಮಾತ್ರ ಉದುರಿ ಬಾಚಣಿಗೆಗೆ ಬರುತ್ತದೆ. ಇದನ್ನು ನಿನಗೆ ಹೇಳಲಿಲ್ಲ, ಹೇಳಿದ್ದರೆ ನೀನು ಅದಕ್ಕೂ ಊಟವನ್ನೇ ಬೈಯುತ್ತಿದ್ದೆ.

ಜುಲೈ ಕೊನೆಯಲ್ಲಿ ಮುಟ್ಟು ಬಂತು. ಬಂತು ಎನ್ನುವುದಲ್ಲ, ಕಟ್ಟೆ ಒಡೆಯಿತು. ಎರಡು ವಾರ ನಿಲ್ಲಲಿಲ್ಲ. ಕ್ಯಾಬಿನ್ನಿನಲ್ಲಿ ಶೌಚಾಲಯವಿಲ್ಲ, ಇಳಿಯಬೇಕಾದರೆ ಬದಲಿ ಆಳು ಬರಬೇಕು, ಬದಲಿ ಕರೆಯಲು ರೇಡಿಯೋದಲ್ಲಿ ಇಡೀ ಬಂದರಿಗೆ ಕೇಳುವಂತೆ ಕಾರಣ ಹೇಳಬೇಕು. ಒಂದು ದಿನ ಹಾಗೇ ಹಲ್ಲು ಕಚ್ಚಿ ಕೂತಿದ್ದೆ. ಹಿಂದಿನ ದಿನ ಮಧ್ಯಾಹ್ನ ತಿಂದದ್ದು, ಅಷ್ಟೇ. ನಿನ್ನ ಡಾಂಗ್ರಿ ಹೊಟ್ಟೆಯನ್ನು ಹಗ್ಗ ಬಿಗಿದಂತೆ ಹಿಡಿದಿತ್ತು. ಪೆಟ್ಟಿಗೆಯೊಂದನ್ನು ಎತ್ತಿ ಅರ್ಧ ದಾರಿಗೆ ತಂದಿದ್ದೆ, ಕಣ್ಣು ಕತ್ತಲೆ ಬಂತು. ಕೈ ಜಾರಿತು, ಪೆಟ್ಟಿಗೆ ತೂಗಾಡಿತು. ಕೆಳಗೆ ಸನ್ನೆ ಮಾಡುತ್ತಿದ್ದವನು ಲಾರಿಯ ಅಡಿಗೆ ಹಾರಿದ್ದಕ್ಕೆ ಬದುಕಿದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಗೊತ್ತಾಯಿತಾ ಅಕ್ಕ?

ನನ್ನನ್ನು ಇಳಿಸಿದಾಗ ಸೀಟು ನೋಡಿ ಎಲ್ಲರೂ ಮುಖ ತಿರುಗಿಸಿದರು. ಮೇಲ್ವಿಚಾರಕ ಮಾತ್ರ ಹತ್ತಿರ ಬಂದು, "ಏನಮ್ಮ, ವಿಶೇಷ ಏನಾದ್ರೂ ಇತ್ತಾ? ಮೊದಲೇ ಹೇಳೋದಲ್ವಾ," ಎಂದ. ಮದುವೆಯಾಗದವಳಿಗೆ ಇನ್ನೇನು ಕೇಳಬೇಕೋ ಅದನ್ನೇ ಕೇಳಿದ. ಅವತ್ತಿಂದ ಕ್ರೇನ್ ಹತ್ತುವಂತಿಲ್ಲ. ಮೈ ಸರಿಯಿದೆ ಎಂದು ಡಾಕ್ಟರ್ ಬರೆದುಕೊಟ್ಟರೆ ಮಾತ್ರ ವಾಪಸ್. ಅಲ್ಲಿಯವರೆಗೆ ಗೇಟಿನಲ್ಲಿ ಕೂತು ಬರುವವರಿಗೆ ಹೆಲ್ಮೆಟ್ ಹಂಚುತ್ತಿದ್ದೇನೆ.

ಮೊದಲು ನೋಡಿದ ಡಾಕ್ಟರ್ ತಲೆಯೆತ್ತಿಯೂ ನೋಡಲಿಲ್ಲ. ಸ್ಕ್ಯಾನ್ ಮಾಡಿಸಿದ, ಪಿಸಿಓಎಸ್ ಎಂದ. ತೂಕ ಇಳಿಸಿ, ಮದುವೆಯಾಗಿ, ಮಗು ಬೇಕಾದಾಗ ಬನ್ನಿ ಎಂದ. ನಿನ್ನ ಪತ್ರವನ್ನೇ ಓದಿದ ಹಾಗಿತ್ತು. ನನಗೆ ಮಗುವಲ್ಲ ಬೇಕಾದದ್ದು, ಕ್ರೇನು ಎಂದೆ. ನಕ್ಕ. ಬಾಗಿಲು ದಡ್ಡೆಂದು ಹಾಕಿ ಬಂದೆ.

ಎರಡನೆಯವರು ಹೆಂಗಸು. ಅವರು ಮೊದಲು ಕೇಳಿದ್ದು ತೂಕವನ್ನಲ್ಲ.

"ದಿನಕ್ಕೆ ಎಷ್ಟು ಸಲ ಊಟ ಮಾಡ್ತೀರಿ?"

"ಒಂದ್ಸಲ."

"ಯಾರು ಹೇಳಿದ್ದು ಹಾಗೆ?"

"ನನ್ನ ಡಾಂಗ್ರಿ."

ಅವರು ನಗಲಿಲ್ಲ ಅಕ್ಕ. ಪೆನ್ನು ಕೆಳಗಿಟ್ಟು ವಿವರಿಸಿದರು, ನಾನೂ ನಿನಗೆ ವಿವರಿಸುತ್ತೇನೆ, ಬೇಡ ಎಂದರೂ. ಸ್ಕ್ಯಾನಿನಲ್ಲಿ ಕಂಡದ್ದು ಗೆಡ್ಡೆಯಲ್ಲ. ಪ್ರತಿ ತಿಂಗಳು ಬೆಳೆದು ಒಡೆಯಬೇಕಾದ ಅಂಡದ ಗುಳ್ಳೆಗಳು ಅರ್ಧಕ್ಕೇ ನಿಂತಿವೆ. ನನ್ನ ಮೈಯಲ್ಲಿ ಇನ್ಸುಲಿನ್ ಇದೆ, ಬೇಕಾದದ್ದಕ್ಕಿಂತ ಹೆಚ್ಚೇ ಇದೆ, ಆದರೆ ಮೈ ಅದರ ಮಾತು ಕೇಳುತ್ತಿಲ್ಲ. ರೇಡಿಯೋ ಕೇಳಿಸದಿದ್ದಾಗ ಕೆಳಗಿನವನು ಇನ್ನೂ ಜೋರಾಗಿ ಕೂಗುತ್ತಾನಲ್ಲ, ಹಾಗೆ ಅದು ಇನ್ನಷ್ಟು ಸುರಿಯುತ್ತದೆ. ಆ ಕೂಗಿಗೆ ಅಂಡಾಶಯ ಕಂಗಾಲಾಗಿ ಗಂಡು ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಗಲ್ಲದ ಕೂದಲು ಅದರಿಂದ, ಮುಟ್ಟು ತಪ್ಪುವುದು ಅದರಿಂದ, ಸೊಂಟಕ್ಕೆ ಬೊಜ್ಜು ಕೂರುವುದಕ್ಕೂ ಅದೇ ಕುಮ್ಮಕ್ಕು. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಒಂದು ದಿನ ಒಟ್ಟಿಗೇ ಸುರಿಯುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಒಳಗೆ ಕೆಟ್ಟದ್ದೇ ಬೆಳೆಯಬಹುದು. ತಾನಾಗಿ ಸರಿಹೋಗುತ್ತದೆ ಎಂದಿದ್ದೆಯಲ್ಲ, ಹೋಗುವುದಿಲ್ಲ. ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಆದರೆ ಹಿಡಿತಕ್ಕೆ ಬರುತ್ತದೆ. ಮುಟ್ಟನ್ನು ಹದಕ್ಕೆ ತರಲು ಮಾತ್ರೆ, ಇನ್ಸುಲಿನ್ ಮಾತನ್ನು ಮೈಗೆ ಕೇಳಿಸಲು ಮಾತ್ರೆ, ಹೋದ ರಕ್ತಕ್ಕೆ ಕಬ್ಬಿಣದ ಮಾತ್ರೆ. ಹೊತ್ತು ಹೊತ್ತಿಗೆ ಊಟ, ಬೇಳೆ, ಮೊಟ್ಟೆ, ಸೊಪ್ಪು. ನಡಿಗೆ, ಭಾರ ಎತ್ತುವುದು, ನಿದ್ದೆ. ಉಪವಾಸ ಬೀಳಬೇಡಿ ಎಂದು ಅವರು ಮೂರು ಸಲ ಹೇಳಿದರು.

ಈಗ ಇನ್ನೊಂದು ವಿಷಯ. ಅವರಲ್ಲಿಗೆ ಹೋದಾಗ ಬಂದರಿನ ಹಳೆಯ ತಪಾಸಣೆಯ ಚೀಟಿಗಳನ್ನೂ ಒಯ್ದಿದ್ದೆ. ಕೆಲಸಕ್ಕೆ ಸೇರಿದಾಗ ಇದ್ದ ತೂಕವೇ ಈಗಲೂ ಹೆಚ್ಚುಕಮ್ಮಿ ಇದೆ. ಹಾಗಾದರೆ ಬಟ್ಟೆ ಪ್ರತಿ ಸಲ ಬಿಗಿಯಾಗುವುದು ಹೇಗೆ? ರೂಮಿಗೆ ಬಂದು ನೀನು ಹೊಲಿದ ಡಾಂಗ್ರಿಗಳನ್ನೆಲ್ಲ ಮಂಚದ ಮೇಲೆ ಒಂದರ ಮೇಲೊಂದು ಹರಡಿದೆ. ಕಾಲು ಸರಿ, ತೋಳು ಸರಿ, ಭುಜ ಸರಿ. ಸೊಂಟ ಮಾತ್ರ ಹೊಸದು ಹಳೆಯದಕ್ಕಿಂತ ಸಣ್ಣದು, ಆ ಹಳೆಯದು ಅದರ ಹಿಂದಿನದಕ್ಕಿಂತ ಸಣ್ಣದು. ಮೈ ಬೆಳೆದಿಲ್ಲ ಅಕ್ಕ. ನೀನು ಬಟ್ಟೆಯನ್ನು ಕತ್ತರಿಸುತ್ತಾ ಬಂದಿದ್ದೀಯ. ಅದೇ ಅಳತೆ ಎಂದು ಪ್ರತಿ ಪತ್ರದಲ್ಲಿ ಬರೆದೆ, ನಾನು ಪ್ರತಿ ಪತ್ರವನ್ನು ನಂಬಿದೆ. ಕನ್ನಡಿಯ ಮುಂದೆ ನಿಂತು ನನ್ನ ಹೊಟ್ಟೆಯನ್ನು ಗುದ್ದಿಕೊಂಡಿದ್ದೇನೆ. ಮೈಯೆಲ್ಲ ಉರಿಯುತ್ತಿದೆ ನನಗೆ.

ನಾನು ಗುಂಡಗಿದ್ದೇನೆ, ಇಲ್ಲ ಎನ್ನುತ್ತಿಲ್ಲ. ಆದರೆ ಆ ಹೆಸರು ಹಿಡಿದು ಇನ್ನು ಕರೆಯಬೇಡ. ಮರಿಯ ಸ್ಕರ್ಟನ್ನು ಇವತ್ತೇ ಬಿಡಿಸು. ಅವಳ ಮುಂದೆ ಊಟದ ತಟ್ಟೆ ಇಡು. ಇದು ರಕ್ತಸಂಬಂಧದಲ್ಲಿ ಬರುವ ಕಾಯಿಲೆ, ಅವಳನ್ನು ಡಾಕ್ಟರಿಗೆ ತೋರಿಸು. ನನಗೆ ನೀನು ಮಾಡಿದ್ದನ್ನು ಅವಳಿಗೂ ಮಾಡಿದರೆ ನಾನು ಸುಮ್ಮನಿರುವುದಿಲ್ಲ.

ನಿನ್ನ ತಂಗಿ


ಸೆಪ್ಟೆಂಬರ್ ೬

ಗುಂಡು,

ಗುಂಡು ಎಂದೇ ಕರೆಯುತ್ತೇನೆ. ಅಮ್ಮ ಹೋದ ಮೇಲೆ ನಿನಗೆ ಜಡೆ ಹಾಕಿದವಳು ನಾನು, ಹೆಸರು ಇಟ್ಟವಳೂ ನಾನು. ನನ್ನ ಮೇಲೇ ಎಗರಾಡುವಷ್ಟು ದೊಡ್ಡವಳಾದೆಯಾ?

ಹೌದು, ಕಮ್ಮಿ ಕತ್ತರಿಸಿದೆ. ಏನೀಗ? ಸಲಕ್ಕೆ ಒಂದಿಂಚು. ಬಾಯಲ್ಲಿ ಹೇಳಿದರೆ ಕಿವಿಗೆ ಹಾಕಿಕೊಳ್ಳದವಳಿಗೆ ಬಟ್ಟೆಯಲ್ಲಿ ಹೇಳಿದೆ. ಊರೆಲ್ಲ ನಿನ್ನನ್ನು ನೋಡಿ ನಗುವ ಮುಂಚೆ ನೀನೇ ಇಳಿಯಲಿ ಎಂದು. ನಿನ್ನ ಒಳ್ಳೆಯದಕ್ಕೆ ಮಾಡಿದ್ದನ್ನು ಕೊಲೆ ಮಾಡಿದ ಹಾಗೆ ಬರೆದಿದ್ದೀಯ.

ಆ ಡಾಕ್ಟರಮ್ಮನಿಗೆ ಮಾಡಲು ಬೇರೆ ಕೆಲಸವಿಲ್ಲ. ಅಂಡಾಶಯದ ತುಂಬ ಗುಳ್ಳೆ ಎಂದರೆ ಆಪರೇಷನ್ ಅಂತಲೇ ಅರ್ಥ, ನನಗೆ ಗೊತ್ತಿಲ್ಲವೇ? ನೀನು ಬಚ್ಚಿಡುತ್ತಿದ್ದೀಯ. ಇನ್ನು ಮಕ್ಕಳಾಗುವುದಿಲ್ಲ ಎಂದು ಅವರು ಹೇಳಿರಬೇಕು, ಆ ಸಂಕಟವನ್ನು ನನ್ನ ಮೇಲೆ ಕಾರಿಕೊಳ್ಳುತ್ತಿದ್ದೀಯ. ಅತ್ತುಬಿಡು, ಹಗುರಾಗುತ್ತದೆ. ಆದರೆ ನನ್ನ ಮಗಳ ತಂಟೆಗೆ ಬರಬೇಡ. ಅವಳಿಗೆ ಯಾವ ಕಾಯಿಲೆಯೂ ಇಲ್ಲ. ಆ ವಯಸ್ಸಿನಲ್ಲಿ ಒಂದು ತಿಂಗಳು ಬಂದರೆ ಎರಡು ತಿಂಗಳು ಬರುವುದಿಲ್ಲ, ನನಗೂ ಹಾಗೇ ಇತ್ತು, ಎಷ್ಟೋ ವರ್ಷ ಹಾಗೇ ಇತ್ತು. ನಾನೇನು ಸತ್ತೆನಾ? ಗಲ್ಲದ ಕೂದಲಂತೆ, ಯಾರಿಗಿರುವುದಿಲ್ಲ? ನೂಲು ಹಾಕಿ ಕಿತ್ತರೆ ಹೋಗುತ್ತದೆ, ಅದಕ್ಕೆ ಇಷ್ಟು ರಂಪ ಏಕೆ?

ಅಕ್ಕ


ಸೆಪ್ಟೆಂಬರ್ ೧೪

ಅಕ್ಕ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಹರಿದುಹಾಕಬೇಕು ಅನ್ನಿಸಿತು. ಎರಡನೆಯ ಸಲ ಕೊನೆಯ ಸಾಲುಗಳಲ್ಲಿ ಸಿಕ್ಕಿಕೊಂಡೆ.

ನಿನಗೂ ಹಾಗೇ ಇತ್ತು. ನಿನಗೂ ಗಲ್ಲದಲ್ಲಿ ಬರುತ್ತಿತ್ತು. ಮೆಷಿನ್ನಿನ ದೀಪದಡಿ ಕೂತಾಗ ನೀನು ಸೆಕೆಯಲ್ಲೂ ಕತ್ತಿಗೆ ಬಟ್ಟೆ ಸುತ್ತಿಕೊಂಡಿರುತ್ತಿದ್ದೆ, ನೂಲಿನ ಧೂಳು ಎನ್ನುತ್ತಿದ್ದೆ. ನಮ್ಮಿಬ್ಬರಿಗೂ ಧೂಳೇ ನೆಪ. ಅಮ್ಮ ನಮ್ಮಿಬ್ಬರನ್ನೂ ಸಾಲಾಗಿ ಕೂರಿಸಿ ಕತ್ತಿನ ಹಿಂದಿನ ಕಪ್ಪನ್ನು ಕಲ್ಲಿನಲ್ಲಿ ಉಜ್ಜುತ್ತಿದ್ದಳಲ್ಲ, ಕೊಳೆ ಹೋಗುತ್ತಿಲ್ಲ ಎಂದು ಬೈಯುತ್ತಾ? ಅದು ಕೊಳೆಯಲ್ಲ ಅಕ್ಕ. ಡಾಕ್ಟರಮ್ಮ ನನ್ನ ಕಾಲರು ಸರಿಸಿ ಅದನ್ನೇ ಮೊದಲು ನೋಡಿದರು. ಮೈ ಇನ್ಸುಲಿನ್ ಮಾತು ಕೇಳದಿದ್ದರೆ ಚರ್ಮ ಅಲ್ಲಿ ಹಾಗೆ ಕಪ್ಪಾಗುತ್ತದೆ. ನಮ್ಮ ಚರ್ಮ ಸುಲಿದು ಬಂದರೂ ಅದು ಹೋಗುವಂಥದ್ದಾಗಿರಲಿಲ್ಲ. ಸುಮ್ಮಸುಮ್ಮನೆ ಅಳುತ್ತಾ ಕೂತಿದ್ದೆವು.

ಮಕ್ಕಳಾಗುವುದಿಲ್ಲ ಎಂದು ಯಾರೂ ಹೇಳಿಲ್ಲ. ಬೇಕಾದಾಗ ಚಿಕಿತ್ಸೆ ಇದೆ ಎಂದಿದ್ದಾರೆ. ಆಪರೇಷನ್ ಮಾತು ಯಾರೂ ಎತ್ತಿಲ್ಲ. ನಾನು ಅಳುತ್ತಿಲ್ಲ, ಅಳು ಎಂದು ಹೇಳಬೇಡ.

ಮರಿಯ ಕತ್ತನ್ನು ನೋಡು. ಬೈಯದೆ, ಉಜ್ಜದೆ, ಸುಮ್ಮನೆ ಕೂದಲು ಸರಿಸಿ ನೋಡು. ಆಮೇಲೆ ನೀನೂ ನಿನ್ನ ಸಕ್ಕರೆ ಪರೀಕ್ಷೆ ಮಾಡಿಸು. ಇದು ಇದ್ದವರಿಗೆ ವಯಸ್ಸಾದಂತೆ ಸಕ್ಕರೆ ಕಾಯಿಲೆ ಹುಡುಕಿಕೊಂಡು ಬರುತ್ತದಂತೆ. ನೀನು ಮೆಷಿನ್ನಿನ ಪಕ್ಕ ತಂಬಿಗೆಗಟ್ಟಲೆ ನೀರು ಇಟ್ಟುಕೊಳ್ಳುವುದನ್ನು ನಾನು ನೋಡಿದ್ದೇನೆ.

ಹೊಸ ಡಾಂಗ್ರಿಯನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ಈ ಸಲ ಪತ್ರ ಜೇಬಿನಲ್ಲಿಲ್ಲ, ಸೊಂಟಕ್ಕೆ ಪಿನ್ನು ಚುಚ್ಚಿ ಇಟ್ಟಿದ್ದೇನೆ. ನನಗಿನ್ನು ಹೊಲಿಯಬೇಡ.

ತಂಗಿ


ನವೆಂಬರ್ ೨

ಅಕ್ಕ,

ಉತ್ತರವಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಈಗ ನಿನಗೆ ಸಿಗ್ನಲ್ ಇಲ್ಲವೇನೋ.

ಡಾಕ್ಟರ್ ಬರೆದುಕೊಟ್ಟರು, ಮತ್ತೆ ಕ್ರೇನ್ ಹತ್ತುತ್ತಿದ್ದೇನೆ. ಬದಲಿ ಆಳಿಗೆ ಕಾರಣ ಹೇಳದೆ ಇಳಿಯುವ ಹಾಗೆ ನಿಯಮ ಮಾಡಿಸಿಕೊಂಡೆ, ಅದಕ್ಕೆ ಆಫೀಸಿನಲ್ಲಿ ಟೇಬಲ್ಲು ಗುದ್ದಬೇಕಾಯಿತು. ಲಾರಿಯಡಿಗೆ ಹಾರಿದವನೇ ನನ್ನ ಪರ ಬಂದು ನಿಂತ. ಮುಟ್ಟು ಮಾತ್ರೆಯ ಲೆಕ್ಕಕ್ಕೆ ಬರುತ್ತಿದೆ. ಗಲ್ಲದ ಕೂದಲು ಹಾಗೇ ಇದೆ, ಅದಕ್ಕೆ ಕಾಲ ಬೇಕಂತೆ. ಮಾಸ್ಕ್ ತೆಗೆದಿದ್ದೇನೆ. ಮೂರು ಹೊತ್ತು ತಿನ್ನುತ್ತೇನೆ. ಗಂಡಸರ ಡಾಂಗ್ರಿ ಹಾಕಿಕೊಳ್ಳುತ್ತೇನೆ, ತೋಳು ಮಡಚಿ, ಕಾಲು ಮಡಚಿ. ಚೀಲದೊಳಗಿನ ಬೆಕ್ಕು ಆರಾಮಾಗಿದೆ.

ನಿನ್ನ ಮೇಲಿನ ಕೋಪ ಇಳಿದಿಲ್ಲ, ಇಳಿಯಲಿ ಎಂದೂ ನನಗಿಲ್ಲ. ಮರಿ ಊಟ ಮಾಡುತ್ತಿದ್ದಾಳಾ? ಅದೊಂದಕ್ಕೆ ಉತ್ತರ ಬರೆ.

ತಂಗಿ


ನವೆಂಬರ್ ೨೪

ತಂಗಿ,

ಮಾಡುತ್ತಿದ್ದಾಳೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಮಿಕ್ಕದ್ದನ್ನು ಓದದೆ ಕಾಗದ ಬಿಸಾಡುವವಳು.

ನಿನ್ನ ಡಾಂಗ್ರಿ ವಾಪಸ್ ಬಂದಾಗ ಪಿತ್ತ ನೆತ್ತಿಗೇರಿತು. ಮೂಲೆಗೆ ಎಸೆದೆ. ನನ್ನ ಹೊಲಿಗೆಯನ್ನು ಇದುವರೆಗೆ ಯಾರೂ ವಾಪಸ್ ಕಳಿಸಿರಲಿಲ್ಲ. ನಿನಗೆ ಬರೆಯುವುದೇ ಇಲ್ಲ ಎಂದುಕೊಂಡೆ. ಮರಿಯ ಕತ್ತನ್ನೂ ನೋಡಲಿಲ್ಲ. ನೀನು ಹೇಳಿದ್ದಕ್ಕೇ ನೋಡಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಅಂಗಡಿಯ ಪರದೆಯ ಹಿಂದೆ ಸದ್ದಾಯಿತು. ಗಿರಾಕಿ ಯಾರೂ ಇರಲಿಲ್ಲ. ಪರದೆ ಸರಿಸಿದೆ. ಮರಿ ಲಂಗವನ್ನು ಕೆಳಗಿಳಿಸಿಕೊಂಡು ನನ್ನ ಟೇಪನ್ನು ಸೊಂಟಕ್ಕೆ ಸುತ್ತಿ ಎರಡೂ ಕೈಯಲ್ಲಿ ಎಳೆಯುತ್ತಿದ್ದಳು. ಉಸಿರು ಒಳಗೆಳೆದು, ಮುಖವೆಲ್ಲ ಕೆಂಪಾಗಿ, ಟೇಪು ಚರ್ಮದೊಳಗೆ ಇಳಿದು ಗೆರೆ ಮೂಡಿತ್ತು. ಕೂದಲನ್ನು ಮೇಲೆತ್ತಿ ಕಟ್ಟಿದ್ದಳು, ಕತ್ತಿನ ಹಿಂಭಾಗ ನನ್ನ ಕಡೆಗಿತ್ತು. ಕಪ್ಪಿನ ನಡುವೆ ಹಸಿ ಗಾಯ. ಕಲ್ಲಿನಲ್ಲಿ ಉಜ್ಜಿಕೊಂಡಿದ್ದಾಳೆ. ನಾನು ಅವಳಿಗೆ ಆ ಕಲ್ಲನ್ನು ಕೊಟ್ಟವಳಲ್ಲ, ಬಚ್ಚಲಿನಲ್ಲಿ ಅಮ್ಮನ ಕಾಲದಿಂದ ಇದ್ದದ್ದು.

"ಏನೇ ಇದು?" ಎಂದೆ.

"ಇನ್ನೊಂದಿಂಚು ಅಮ್ಮ, ಅಷ್ಟೇ. ಇನ್ನೊಂದಿಂಚು ಹೋದ್ರೆ ಸರಿಯಾಗ್ತೀನಿ," ಎಂದಳು.

ನನಗೆ ಬಂದ ಕೋಪ ಎಂಥದ್ದು ಎಂದು ಹೇಳಲಾರೆ. ಅವಳ ಮೇಲಲ್ಲ. ಆ ಕಲ್ಲನ್ನು ತೆಗೆದುಕೊಂಡು ಹೋಗಿ ಬೀದಿಯ ಚರಂಡಿಗೆ ಎಸೆದು ಬಂದೆ, ಅಂಗಡಿಗೆ ಬರುತ್ತಿದ್ದ ಗಿರಾಕಿ ಹೆದರಿ ಹಿಂದಕ್ಕೆ ಹೋದಳು. ಅಮ್ಮನ ಮೇಲೆ ಸಿಟ್ಟು ಬಂತು, ನಮ್ಮ ಕತ್ತನ್ನು ನೋಡಿಯೂ ಏನೂ ಹೇಳದ ಆ ಕಾಲದ ಡಾಕ್ಟರುಗಳ ಮೇಲೆ ಬಂತು, ನಿನ್ನ ಮೇಲೂ ಬಂತು, ನೀನು ಹೇಳಿದ್ದು ನಿಜವಾದದ್ದಕ್ಕೆ. ಯಾರ ಮೇಲೆ ಬರಬೇಕಿತ್ತೋ ಅವಳ ಮೇಲೂ ಬಂತು. ಅದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ಡಾಕ್ಟರಿಗೆ ತೋರಿಸಿದೆ. ಮರಿಯ ರಕ್ತ ಪರೀಕ್ಷೆ ಮಾಡಿದರು. ಈ ವಯಸ್ಸಿಗೆ ಮುಟ್ಟು ಏರುಪೇರಾಗುವುದು ಸಹಜ, ಈಗಲೇ ಕಾಯಿಲೆಯ ಹೆಸರು ಅಂಟಿಸುವುದು ಬೇಡ, ಕಣ್ಣಿಟ್ಟಿರೋಣ, ಆರಾರು ತಿಂಗಳಿಗೆ ಕರೆದುಕೊಂಡು ಬನ್ನಿ ಎಂದರು. ಹೊತ್ತಿಗೆ ಸರಿಯಾಗಿ ತಿನ್ನಲಿ, ಆಡಲಿ, ಹಸಿದುಕೊಂಡಿರುವುದು ಮಾತ್ರ ಬೇಡ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಕತ್ತಿನ ಬಟ್ಟೆ ಸ್ವಲ್ಪ ತೆಗೀರಿ," ಎಂದರು. ಮಗಳ ಮುಂದೆ ತೆಗೆದೆ. ಸಕ್ಕರೆ ಇದೆ ನನಗೆ, ಚೆನ್ನಾಗಿಯೇ ಇದೆ, ಎಷ್ಟು ವರ್ಷದಿಂದಲೋ ಗೊತ್ತಿಲ್ಲ. ಮಾತ್ರೆ ಕೊಟ್ಟಿದ್ದಾರೆ. ನೀನು ಹೇಳಿದ ಎಲ್ಲವನ್ನೂ ಅವರೂ ಹೇಳಿದರು, ನಿನ್ನ ಹಾಗೆ ಕಿರುಚದೆ. ಸಂಜೆ ನಾವಿಬ್ಬರೂ ಒಂದೇ ಹೊತ್ತಿಗೆ ತಟ್ಟೆ ಹಾಕಿಕೊಂಡು ಕೂರುತ್ತೇವೆ. ಮೊದಮೊದಲು ಅವಳು ನನ್ನ ಮುಖ ನೋಡಿ ನೋಡಿ ತುತ್ತೆತ್ತುತ್ತಿದ್ದಳು. ಅದನ್ನು ನೋಡುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಾಗಬೇಕಾಗಿಲ್ಲ.

ಸ್ಕರ್ಟು ಬಿಡಿಸಿದೆ. ಬಿಡಿಸಲು ಒಳಗೆ ಬಟ್ಟೆಯನ್ನೇ ಬಿಟ್ಟಿರಲಿಲ್ಲ, ಪಟ್ಟಿ ಜೋಡಿಸಬೇಕಾಯಿತು. ಇನ್ನು ಯಾರಿಗೆ ಹೊಲಿದರೂ ಒಳಗೆ ಎರಡೆರಡು ಬೆರಳು ಬಟ್ಟೆ ಬಿಡುತ್ತೇನೆ. ಮೈ ಹಿಗ್ಗಿದರೆ ಬಿಡಿಸಲಿ, ಕುಗ್ಗಿದರೆ ಹಿಡಿಯಲಿ.

ನಿನ್ನ ಕಂದು ಕಾಗದವನ್ನು ಮೊಳೆಯಿಂದ ತೆಗೆದು ಒಲೆಗೆ ಹಾಕಿದೆ. ಹಾಗಾಗಿ ನಿನ್ನ ಅಳತೆ ಈಗ ನನ್ನ ಹತ್ತಿರ ಇಲ್ಲ. ಹೊಲಿಯಬೇಡ ಎಂದಿದ್ದೀಯ, ಹೊಲಿಯುತ್ತೇನೆ. ನನ್ನ ತಂಗಿ ಗಂಡಸರ ಡಾಂಗ್ರಿಯಲ್ಲಿ ಕಾಲು ಮಡಚಿಕೊಂಡು ಏಣಿ ಹತ್ತುವುದು ಬೇಡ, ಎಡವಿ ಬೀಳುತ್ತೀಯ. ನಿನ್ನ ಕೋಪ ನಿನ್ನ ಹತ್ತಿರವೇ ಇರಲಿ, ಅಳತೆ ಮಾತ್ರ ಕಳಿಸು. ಈ ಲಕೋಟೆಯಲ್ಲಿ ನನ್ನ ಟೇಪು ಇಟ್ಟಿದ್ದೇನೆ. ಸಡಿಲವಾಗಿ ಹಿಡಿ, ಉಸಿರು ಬಿಡು. ಖಾಲಿ ಹೊಟ್ಟೆಯಲ್ಲಿ ಬೇಡ. ಊಟ ಆದ ಮೇಲೆ ಅಳೆ.

ಅಕ್ಕ